ಜಾಂಬೋಟಿ ದಾರಿಗೊಂದು ಹಳೇ ಸೈಕಲ್ಲು

ಬೆಳಗಾವಿ ಜಿಲ್ಲೆಯ ಖಾನಾಪುರ ಸೀಮೆಯ ಹಳ್ಳಿಗಳಲ್ಲಿ ಹಳೆಯ ಸೈಕಲ್ಲು ಇರುವುದು ದನದ ಕೊಟ್ಟಿಗೆಯ ಮೂಲೆಯಲ್ಲಿ, ಇಲ್ಲವೇ ಭತ್ತದ ಹುಲ್ಲಿನ ಬಣವೆಗೆ ಒರಗಿಕೊಂಡು. ಮೇಲೊಂದು ಗೋಣಿಚೀಲ, ಗೋಣಿಚೀಲದ ಮೇಲೊಂದು ಕೋಳಿ. ಕೊಡುತ್ತೀರಾ ಎಂದು ಕೇಳಿದರೆ ಮನೆಯವರು ನಗುತ್ತಾರೆ. "ಅದನ್ನ ತಗೊಂಡು ಏನ್ ಮಾಡ್ತೀರಿ? ಭಂಗಾರದಾಂವ ಬಂದ್ರ ಹಾಕೂಣು ಅಂತ ಇಟ್ಟೇವಿ" ಎನ್ನುತ್ತಾರೆ. ಭಂಗಾರದವನ, ಅಂದರೆ ಗುಜರಿಯವನ, ತಕ್ಕಡಿಗೆ ಅದು ಸುಮಾರು 20 ಕಿಲೋ ಕಬ್ಬಿಣ, ಅಷ್ಟೇ.

ಆದರೆ ಆ 20 ಕಿಲೋದಲ್ಲಿ ಬಿಚ್ಚಲು ಬಾರದ ಭಾಗ ಬಹುತೇಕ ಇಲ್ಲ. ಕೊಳವೆಗಳನ್ನು ಹಿತ್ತಾಳೆಯ ಬೆಸುಗೆಯಿಂದ ಕೂಡಿಸಿದ ಫ್ರೇಮೊಂದನ್ನು ಬಿಟ್ಟರೆ ಉಳಿದದ್ದೆಲ್ಲ ನಟ್ಟು, ಕೋನು, ಪಿನ್ನು, ಕಡ್ಡಿ. ಎಲ್ಲೆಲ್ಲಿ ಸವೆಯುತ್ತದೆಯೋ ಅಲ್ಲೆಲ್ಲ ಸವೆತವನ್ನು ಸರಿದೂಗಿಸಲು ಒಂದು ತಿರುಪು ಇಟ್ಟಿದ್ದಾರೆ. ಮಾಡಿದವರು ಇದು ಕೆಡುತ್ತದೆ ಎಂದು ಒಪ್ಪಿಕೊಂಡೇ ಮಾಡಿದ್ದಾರೆ. ಕೆಟ್ಟದ್ದನ್ನು ಊರಿನ ಮಿಸ್ತ್ರಿಯೊಬ್ಬ ಮೂರು ಪಾನಾ, ಒಂದು ಸುತ್ತಿಗೆಯಲ್ಲಿ ನೆಟ್ಟಗೆ ಮಾಡುತ್ತಾನೆ ಎಂಬ ನಂಬಿಕೆಯೂ ಅವರಿಗಿತ್ತು. ದಶಕಗಟ್ಟಲೆ ಕೊಟ್ಟಿಗೆಯಲ್ಲಿ ನಿಂತ ಗಾಡಿ ಮತ್ತೆ ಜಾಂಬೋಟಿಗೆ ಹೋಗಿಬರಬಲ್ಲದು ಎನ್ನುವುದಕ್ಕೆ ಕಾರಣ ಇದೊಂದೇ. ಹಳೇ ಸೈಕಲ್ಲಿನ ಹುಚ್ಚು ಹಿಡಿದವರಿಗೆ ಸಿಗುವ ಸುಖದ ಮುಕ್ಕಾಲು ಪಾಲು ಈ ಬಿಚ್ಚಿ ಜೋಡಿಸುವುದರಲ್ಲೇ ಇದೆ. ಉಳಿದ ಕಾಲು ಪಾಲು ಏರಿ ಕೂತ ಮೇಲೆ.

ಈ ಹವ್ಯಾಸಕ್ಕೆ ಇಲ್ಲಿ ತನ್ನದೇ ಪಂಚಾಂಗವಿದೆ. ಜಾಂಬೋಟಿ, ಕಣಕುಂಬಿ ಕಡೆಯ ಮಳೆ ಜೂನಿನಲ್ಲಿ ಹಿಡಿದರೆ ಸೆಪ್ಟೆಂಬರಿನವರೆಗೆ ಬಿಡುವುದಿಲ್ಲ. ಮಲಪ್ರಭೆ ಹುಟ್ಟುವುದೇ ಕಣಕುಂಬಿಯಲ್ಲಿ. ಮಹದಾಯಿಯೂ ಇದೇ ತಾಲೂಕಿನ ಕಾಡಿನಲ್ಲಿ ಹುಟ್ಟಿ ಪಶ್ಚಿಮಕ್ಕೆ ಹರಿದು ಗೋವೆಯಲ್ಲಿ ಮಾಂಡೋವಿಯಾಗುತ್ತದೆ. ಅಂಥ ಮಳೆಯಲ್ಲಿ ಉಕ್ಕಿನ ರಿಮ್ಮಿನ ಸೈಕಲ್ಲನ್ನು ರಸ್ತೆಗಿಳಿಸಿದರೆ ಎರಡು ಹಾನಿ. ಅದಕ್ಕೆ ತುಕ್ಕು ಹಿಡಿಯುತ್ತದೆ. ಮತ್ತು ಬ್ರೇಕು ಹಿಡಿದರೂ ಅದು ನಿಲ್ಲುವುದಿಲ್ಲ. ಹೀಗಾಗಿ ಮಳೆಗಾಲ ರಿಪೇರಿಗೆ, ದಸರೆಯಿಂದ ಶಿವರಾತ್ರಿವರೆಗೆ ಸವಾರಿಗೆ.

ಮನೆಗೆ ತಂದ ದಿನವೇ ಪಾನಾ ಹಿಡಿಯುವವರು ಕೆಡಿಸುತ್ತಾರೆ. ಮೊದಲು ಬೇಕಾದದ್ದು ಸೋಪುನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ಮತ್ತು ಒಂದು ಟಾರ್ಚು. ಹ್ಯಾಂಡಲಿನ ಕೆಳಗಿನ ಲಾಂಛನದ ತಗಡು ಬಿದ್ದುಹೋಗಿದ್ದರೂ ಚಿಂತೆಯಿಲ್ಲ, ಹಲ್ಲುಚಕ್ರ ಸಾಕ್ಷಿ ಹೇಳುತ್ತದೆ. ನಾಟಿಂಗ್‌ಹ್ಯಾಮಿನ ರ‍್ಯಾಲಿಯಾದರೆ ಚಕ್ರದೊಳಗೆ ಮೂರು ಕೊಕ್ಕರೆಗಳ ತಲೆ. ರಡ್ಜ್ ಆದರೆ ಬಿಡಿಸಿದ ಅಂಗೈ. ಹಂಬರ್ ಆದರೆ ಓಡುವ ಮನುಷ್ಯರು. ಅದರ ಮುಂದಿನ ಫೋರ್ಕಿಗೆ ಪ್ರತಿ ಬದಿಗೂ ಜೋಡಿ ಕೊಳವೆ ಇರುವುದರಿಂದ ಹತ್ತು ಮಾರು ದೂರದಿಂದಲೇ ಗುರುತು ಸಿಗುತ್ತದೆ. (ಮುಂದೆ ಈ ಎರಡೂ ಹೆಸರುಗಳನ್ನು ರ‍್ಯಾಲಿಯೇ ಕೊಂಡುಕೊಂಡಿತು.) ಬಿ.ಎಸ್.ಎ. ಲಾಂಛನದಲ್ಲಿ ಮೂರು ಬಂದೂಕುಗಳನ್ನು ಒಂದಕ್ಕೊಂದು ಆನಿಸಿ ನಿಲ್ಲಿಸಿರುತ್ತಾರೆ, ಏಕೆಂದರೆ ಬರ್ಮಿಂಗ್‌ಹ್ಯಾಮಿನ ಆ ಕಾರ್ಖಾನೆಯ ಮೂಲ ಕಸುಬು ಬಂದೂಕು. ಹಿಂದಿನ ಗಾಲಿಯಲ್ಲಿ ಸ್ಟರ್ಮಿ-ಆರ್ಚರ್ ಕಂಪನಿಯ ಮೂರು ಗೇರಿನ ಹಬ್ಬು ಇದ್ದರೆ ನೀವು ಅದೃಷ್ಟವಂತರು. ಅದರ ಮೈಮೇಲೆ ತಯಾರಾದ ವರ್ಷದ ಎರಡಂಕಿ ಕೆತ್ತಿರುತ್ತದೆ. ಆದರೆ ಹಬ್ಬಿನ ವಯಸ್ಸೇ ಸೈಕಲ್ಲಿನ ವಯಸ್ಸು ಎಂದು ನಂಬಬೇಡಿ, ನಡುವೆ ಗಾಲಿ ಬದಲಾಗಿರಬಹುದು.

ಬೆಳಗಾವಿ 1956ರವರೆಗೂ ಮುಂಬಯಿ ಆಡಳಿತದಲ್ಲಿದ್ದ ಊರು, ಜೊತೆಗೆ ದಂಡಿನ ಊರು. ಇಂಗ್ಲಿಷ್ ಸೈಕಲ್ಲುಗಳು ಇಲ್ಲಿಗೆ ಬರಲು ಇವೆರಡೇ ಸಾಕಾಗಿದ್ದವು. ಆದರೂ ಹಳ್ಳಿಗಳ ಕೊಟ್ಟಿಗೆಯಲ್ಲಿ ಸಿಗುವುದರಲ್ಲಿ ಹೆಚ್ಚಿನವು ನಮ್ಮ ದೇಶದವೇ, ಮತ್ತು ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಮದ್ರಾಸಿನ ಟಿ.ಐ. ಸೈಕಲ್ಸ್ 1949ರಲ್ಲಿ ಶುರುವಾಗಿ ಅಂಬತ್ತೂರಿನಲ್ಲಿ ಹರ್ಕ್ಯುಲಿಸ್ ಮಾಡತೊಡಗಿತು. ಆಸನ್ಸೋಲಿನಲ್ಲಿ ಸೆನ್-ರ‍್ಯಾಲಿ, ಮುಂಬಯಿಯಲ್ಲಿ ಹಿಂದ್, ಸೋನಿಪತ್ತಿನಲ್ಲಿ 1951ರಿಂದ ಅಟ್ಲಾಸ್, ಲುಧಿಯಾನದಲ್ಲಿ 1956ರಿಂದ ಹೀರೊ. ಎಲ್ಲರೂ ಮಾಡಿದ್ದು ಬಹುಮಟ್ಟಿಗೆ ಅದೇ ಇಂಗ್ಲಿಷ್ ರೋಡ್‌ಸ್ಟರ್ ಮಾದರಿಯನ್ನು: 28 ಇಂಚಿನ ಗಾಲಿ, ಸರಳಿನ ಬ್ರೇಕು, ಹಿಂದಕ್ಕೆ ಒರಗಿದ ಉದ್ದನೆಯ ಫ್ರೇಮು. ಆ ಮಾದರಿ ಇಂಗ್ಲೆಂಡಿನಲ್ಲಿ ಯಾವತ್ತೋ ಮುಗಿದುಹೋಯಿತು, ನಮ್ಮಲ್ಲಿ ಮುಗಿಯಲೇ ಇಲ್ಲ. ಇದರ ಲಾಭ ನಮಗೆ. ಲಂಡನ್ನಿನ ಹವ್ಯಾಸಿಯೊಬ್ಬ 28×1½ ಟಾಯರನ್ನು ಹುಡುಕಿ ತರಿಸಿಕೊಳ್ಳಬೇಕು. ಖಾನಾಪುರದ ಪೇಟೆಯಲ್ಲಿ ಅದು ಮೊಳೆಗೆ ತೂಗುಹಾಕಿರುತ್ತದೆ. ವಾಲ್‌ಟ್ಯೂಬು, ಬ್ರೇಕಿನ ರಬ್ಬರು, ಕಾಟರ್ ಪಿನ್ನು ಎಲ್ಲವೂ ಹಾಗೆಯೇ. ಗುಣಮಟ್ಟ ಅಷ್ಟಕ್ಕಷ್ಟೆ ಎನ್ನುವುದು ಬೇರೆ ಮಾತು. ಹಳೆಯ ಪಿನ್ನು ಸರಿಯಿದ್ದರೆ ಹೊಸ ಪಿನ್ನಿಗಿಂತ ಅದೇ ಲೇಸು.

ತಪಾಸಣೆಯಲ್ಲಿ ಮುಖ್ಯವಾದದ್ದು ಫ್ರೇಮು ಸೊಟ್ಟಗಾಗಿದೆಯೇ ಎಂಬುದು. ಇದಕ್ಕೆ ಒಂದು ದಾರ ಸಾಕು. ಹಿಂದಿನ ಗಾಲಿಯ ಅಚ್ಚು ಕೂರುವ ಕಚ್ಚಿಗೆ ದಾರದ ತುದಿ ಕಟ್ಟಿ, ಮುಂದೆ ಹ್ಯಾಂಡಲಿನ ಕೊಳವೆಯನ್ನು ಸುತ್ತಿಸಿ, ಇನ್ನೊಂದು ಬದಿಯ ಕಚ್ಚಿಗೆ ಎಳೆದು ಬಿಗಿಯಬೇಕು. ಈಗ ಸೀಟಿನ ಕೊಳವೆಯಿಂದ ದಾರಕ್ಕೆ ಎರಡೂ ಬದಿಯಲ್ಲಿ ಇರುವ ಅಂತರ ಅಳೆಯಿರಿ. ಎರಡೂ ಸಮವಿದ್ದರೆ ಫ್ರೇಮು ನೆಟ್ಟಗಿದೆ. ಆಮೇಲೆ ಕೆಳಕೊಳವೆ ಹ್ಯಾಂಡಲಿನ ಕೊಳವೆಗೆ ಸೇರುವ ಜಾಗದ ಅಡಿಭಾಗವನ್ನು ಬೆರಳಿನಿಂದ ಸವರಿ ನೋಡಬೇಕು. ಯಾವಾಗಲೋ ಎತ್ತಿನಗಾಡಿಗೋ ಮೋಟಾರಿಗೋ ಗುದ್ದಿದ್ದರೆ ಅಲ್ಲಿ ಬಣ್ಣದ ಕೆಳಗೆ ಒಂದು ಸಣ್ಣ ಮಡಿಕೆ ಕೈಗೆ ಸಿಗುತ್ತದೆ. ಅಂಥದ್ದನ್ನು ಬಿಟ್ಟುಬಿಡುವುದು ಜಾಣತನ. ಉಳಿದ ಯಾವ ದೋಷಕ್ಕೂ ಮದ್ದಿದೆ.

ಬಿಚ್ಚುವ ಕೆಲಸದಲ್ಲಿ ತಾಳ್ಮೆ ಬೇಡುವುದು ತುಕ್ಕು, ಧೈರ್ಯ ಬೇಡುವುದು ಕಾಟರ್ ಪಿನ್ನು. ತುಕ್ಕಿಗೆ ಅವಸರವಿಲ್ಲ. ಪ್ರತಿ ನಟ್ಟಿನ ಬುಡಕ್ಕೂ ತೆಳುವಾದ ಎಣ್ಣೆ ಬಿಟ್ಟು, ಒಂದು ರಾತ್ರಿ ಕಳೆದು, ಮತ್ತೆ ಬಿಟ್ಟು, ಲಘುವಾಗಿ ತಟ್ಟುತ್ತ ಹೋದರೆ ಎಣ್ಣೆ ಒಳಗಿಳಿಯುತ್ತದೆ. ಎಡ ಪೈಡಲನ್ನು ಬಿಚ್ಚುವಾಗ ಒಂದು ನೆನಪಿರಲಿ: ಅದರ ಮರೆ, ಅಂದರೆ ತಿರುಪಿನ ಸುತ್ತು, ತಿರುಗುಮುರುಗು. ತುಳಿತದ ಭಾರಕ್ಕೆ ಅದು ತಾನಾಗಿ ಬಿಚ್ಚಿಕೊಳ್ಳಬಾರದೆಂದೇ ಹಾಗೆ ಮಾಡಿರುತ್ತಾರೆ. ಹಲ್ಲುಚಕ್ರದ ಬದಿಯ ಬೇರಿಂಗ್ ಕಪ್ಪಿಗೂ ಇದೇ ನಿಯಮ. ಇದು ತಿಳಿಯದ ಬಲಶಾಲಿಗಳು ಬಿಚ್ಚುತ್ತೇನೆಂದು ಬಿಗಿಯುತ್ತಾ ಹೋಗಿ ಎಷ್ಟೋ ಕಪ್ಪುಗಳನ್ನು ಸೀಳಿದ್ದಾರೆ. ರ‍್ಯಾಲಿಯವರ ಮರೆಯ ಲೆಕ್ಕವೇ ಬೇರೆ, ಇಂಚಿಗೆ 26 ಸುತ್ತು. ಉಳಿದ ಇಂಗ್ಲಿಷ್ ಕಂಪನಿಗಳದ್ದು 24. ಒಂದರ ಕಪ್ಪನ್ನು ಇನ್ನೊಂದಕ್ಕೆ ಒತ್ತಾಯದಿಂದ ಕೂರಿಸಿದರೆ ಫ್ರೇಮೇ ಹಾಳು.

ಕಾಟರ್ ಪಿನ್ನಿನ ವಿಷಯವನ್ನು ಸ್ವಲ್ಪ ನಿಂತು ಹೇಳಬೇಕು. ಪೈಡಲನ್ನು ಹೊತ್ತ ತೋಳನ್ನು, ಅಂದರೆ ಕ್ರ್ಯಾಂಕನ್ನು, ಅಚ್ಚಿಗೆ ಕಚ್ಚಿ ಹಿಡಿಯುವುದು ಒಂದು ಬೆರಳಿಗಿಂತ ಸಣ್ಣ ಪಿನ್ನು. ಅದರ ಒಂದು ಮೈ ಓರೆಯಾಗಿ ಚಪ್ಪಟೆ. ಅಚ್ಚಿನಲ್ಲಿಯೂ ಒಂದು ಚಪ್ಪಟೆ ಕಚ್ಚು. ಇವೆರಡು ಮೈಗೆ ಮೈ ಕೂತು ಬೆಣೆಯಾಗಿ ಬಿಗಿಯಾಗುತ್ತವೆ. ಮನುಷ್ಯ ಎದ್ದುನಿಂತು ತುಳಿಯುವ ಪೂರಾ ಭಾರ ಹಾದುಹೋಗುವುದು ಎರಡೂ ಬದಿಯ ಇಂಥ ಪಿನ್ನುಗಳ ಮೂಲಕ. ಇದನ್ನು ಹೊರಕ್ಕೆ ತೆಗೆಯಲು ನೇರ ಸುತ್ತಿಗೆ ಬೀಸಿದರೆ ಪಿನ್ನಿನ ತುದಿ ಅಣಬೆಯಾಗುತ್ತದೆ, ಅಥವಾ ಹೊಡೆತವೆಲ್ಲ ಒಳಗಿನ ಛರ್ರೆಗಳ (ಬೇರಿಂಗ್ ಗುಂಡುಗಳ) ಮೇಲೆ ಬಿದ್ದು ಕಪ್ಪಿನಲ್ಲಿ ಗುಳಿ ಬೀಳುತ್ತದೆ. ಹಳೆಯ ಮಿಸ್ತ್ರಿಗಳ ದಾರಿ ಬೇರೆ. ಕ್ರ್ಯಾಂಕಿನ ಕೆಳಗೆ ನೆಲದಿಂದ ಒಂದು ಕಬ್ಬಿಣದ ಪೈಪಿನ ತುಂಡು ಆನಿಸುತ್ತಾರೆ, ಅದರ ಬಾಯೊಳಗೆ ಪಿನ್ನಿನ ತಲೆಗೆ ಇಳಿಯಲು ಜಾಗ ಇರುವಂತೆ. ನಟ್ಟನ್ನು ಪೂರ್ತಿ ತೆಗೆಯದೆ, ಪಿನ್ನಿನ ತುದಿಗೆ ಸಮನಾಗುವಷ್ಟು ಸಡಿಲಿಸಿ ಬಿಡುತ್ತಾರೆ. ಮರೆಗೆ ಪೆಟ್ಟು ತಾಗದಿರಲಿ ಎಂದು. ಆಮೇಲೆ ಭಾರವಾದ ಸುತ್ತಿಗೆಯಿಂದ ಒಂದೇ ಒಂದು ಪೆಟ್ಟು. ಹತ್ತು ಸಣ್ಣ ಪೆಟ್ಟು ಕೊಟ್ಟವನ ಪಿನ್ನು ಹೊರಗೆ ಬಂದದ್ದನ್ನು ನಾನು ಕಂಡಿಲ್ಲ.

ಹಾಕುವಾಗಲೂ ಅಷ್ಟೇ ಶ್ರದ್ಧೆ ಬೇಕು. ಹೊಸ ಪಿನ್ನಿನ ಚಪ್ಪಟೆ ಮೈಗೆ ಸೀಸದ ಕಡ್ಡಿಯಿಂದ ಕಪ್ಪು ಬಳಿದು, ಒಳಗೆ ತೂರಿಸಿ, ಹೊರತೆಗೆದು ನೋಡುತ್ತಾರೆ. ಎಲ್ಲಿ ಕಪ್ಪು ಅಳಿಸಿದೆಯೋ ಅಲ್ಲಿ ಮಾತ್ರ ತಾಗುತ್ತಿದೆ ಎಂದು ಅರ್ಥ. ಅಷ್ಟನ್ನು ಅರದಿಂದ ಎರಡು ಸಲ ಉಜ್ಜಿ, ಮತ್ತೆ ಬಳಿದು, ಮತ್ತೆ ತೂರಿಸಿ ನೋಡುತ್ತಾರೆ. ಎರಡೂ ಬದಿಯ ಪಿನ್ನುಗಳು ಒಂದಕ್ಕೊಂದು ವಿರುದ್ಧ ದಿಕ್ಕಿಗೆ ಕೂರಬೇಕು, ಮತ್ತು ಒಂದೇ ಆಳಕ್ಕೆ ಇಳಿಯಬೇಕು. ಇಲ್ಲದಿದ್ದರೆ ಒಂದು ಕಾಲು ಮೇಲಿದ್ದಾಗ ಇನ್ನೊಂದು ನೇರ ಕೆಳಗಿರದೆ ಒಂದಿಷ್ಟು ಮುಂದೆಯೋ ಹಿಂದೆಯೋ ಇರುತ್ತದೆ. ನೋಡುವವರಿಗೆ ಕಾಣುವುದಿಲ್ಲ, ಹತ್ತು ಮೈಲಿ ತುಳಿದವನ ಮೊಣಕಾಲಿಗೆ ಗೊತ್ತಾಗುತ್ತದೆ.

ಛರ್ರೆಗಳ ಕೆಲಸ ಇದಕ್ಕಿಂತ ಶಾಂತವಾದದ್ದು. ಬೀದಿಯಲ್ಲಿ ಓವರಾಯ್ಲಿಂಗ್ ಎಂದು ಕರೆಯುವ ವಾರ್ಷಿಕ ಸೇವೆಯ ಹೃದಯವೇ ಇದು: ಒಂದು ಹಳೆಯ ಪರಾತ, ಅದರಲ್ಲಿ ಸೀಮೆಎಣ್ಣೆ (ಈಗ ಅದು ಸಿಗುವುದೇ ಕಷ್ಟವಾಗಿ ಡೀಸೆಲ್ ಬಂದಿದೆ), ಅದರೊಳಗೆ ಮುಳುಗಿದ ಕೋನು, ಕಪ್ಪು, ಛರ್ರೆ. ಲೆಕ್ಕ ಸಾಮಾನ್ಯವಾಗಿ ಹೀಗೆ: ಹಿಂದಿನ ಹಬ್ಬಿಗೆ ಬದಿಗೆ 9ರಂತೆ ಕಾಲಿಂಚಿನವು, ಕ್ರ್ಯಾಂಕಿನ ಅಚ್ಚಿಗೆ ಬದಿಗೆ 11ರಂತೆ ಅದೇ ಅಳತೆಯವು, ಮುಂದಿನ ಹಬ್ಬಿಗೆ ಬದಿಗೆ 10ರಂತೆ 3/16 ಇಂಚಿನವು. ಹ್ಯಾಂಡಲಿಗೆ ಇನ್ನೂ ಸಣ್ಣವು. ಲೆಕ್ಕ ಮರೆತರೆ ಕಪ್ಪಿನ ತುಂಬ ಕೂರಿಸಿ ಒಂದನ್ನು ತೆಗೆದರಾಯಿತು, ಉರುಳಲು ಅಷ್ಟು ಜಾಗ ಸಾಕು. ಹಳೆಯದರ ಜೊತೆ ಹೊಸದನ್ನು ಬೆರೆಸಬಾರದು. ಹೊಸ ಛರ್ರೆ ಕೂದಲೆಳೆಯಷ್ಟು ದಪ್ಪವಿದ್ದರೂ ಭಾರವೆಲ್ಲ ಅದೊಂದರ ಮೇಲೆಯೇ ಬೀಳುತ್ತದೆ, ಕೋನಿನಲ್ಲಿ ಹೊಂಡ ತೋಡುವುದು ಅದೇ.

ಕೋನನ್ನು ಎಷ್ಟು ಬಿಗಿಯಬೇಕು? ಬಿಗಿಯಾದರೆ ಗಾಲಿ ಕೊಸರಾಡುತ್ತದೆ, ಸಡಿಲಾದರೆ ಅಲುಗಾಡುತ್ತದೆ. ಇವೆರಡರ ನಡುವೆ ಇರುವ ಜಾಗ ನಟ್ಟಿನ ಒಂದು ಸುತ್ತಿನ ಎಂಟನೇ ಒಂದು ಪಾಲೂ ಇಲ್ಲ. ಅದರ ಮೇಲೆ, ಹೊರಗಿನ ನಟ್ಟು ಬಿಗಿದಾಗ ಒಳಗಿನ ಕೋನು ಇನ್ನಷ್ಟು ಬಿಗಿಯುತ್ತದೆ. ಆದ್ದರಿಂದ ಅಷ್ಟನ್ನು ಮೊದಲೇ ಕಳೆದು ಲೆಕ್ಕ ಹಿಡಿಯಬೇಕು. ಸರಿಯಾಯಿತೋ ಇಲ್ಲವೋ ನೋಡಲು ಒಂದು ಹಳೆಯ ಪರೀಕ್ಷೆ ಇದೆ. ಗಾಲಿಯನ್ನು ಎತ್ತಿ ಹಿಡಿದು, ಗಾಳಿ ತುಂಬುವ ವಾಲ್ವು ಪಕ್ಕಕ್ಕೆ ಬರುವಂತೆ ನಿಲ್ಲಿಸಿ ಕೈಬಿಡಬೇಕು. ಆ ವಾಲ್ವಿನ ತೂಕ ಎಷ್ಟಿದ್ದೀತು, ಕೆಲವು ಗ್ರಾಂ. ಅಷ್ಟು ತೂಕಕ್ಕೇ ಗಾಲಿ ತಾನಾಗಿ ತಿರುಗಿ, ವಾಲ್ವು ಕೆಳಗೆ ಬಂದು, ಆಚೆಗೆ ಹೋಗಿ, ಈಚೆಗೆ ಬಂದು, ಮೆಲ್ಲನೆ ಓಲಾಡಿ ನಿಂತರೆ ಹಬ್ಬು ಸರಿಯಾಗಿದೆ. ಈ ಓಲಾಟವನ್ನು ನೋಡಲೆಂದೇ ಎರಡನೆಯ ಸಲ ಬಿಚ್ಚಿ ಜೋಡಿಸುವವರಿದ್ದಾರೆ. ನಾನೂ ಆ ಜಾತಿಯವನೇ.

ಗಾಲಿಯ ಡೊಂಕು ತೆಗೆಯುವುದಕ್ಕೆ ಮಿಸ್ತ್ರಿಗಳು "ಔಟ್ ತಗಿಯೂದು" ಎನ್ನುತ್ತಾರೆ. ರೋಡ್‌ಸ್ಟರಿನ ಮುಂದಿನ ಗಾಲಿಗೆ 32 ಕಡ್ಡಿ, ಹಿಂದಿನದಕ್ಕೆ 40. ಅರ್ಧ ಕಡ್ಡಿಗಳು ರಿಮ್ಮನ್ನು ಎಡಕ್ಕೆ ಎಳೆದರೆ ಅರ್ಧ ಬಲಕ್ಕೆ ಎಳೆಯುತ್ತವೆ. ಹೀಗೆ ಎಳೆದಾಡುವ ಜಗಳದ ಸಮತೋಲವೇ ಗಾಲಿ. ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ, ಫೋರ್ಕಿಗೆ ಸೀಮೆಸುಣ್ಣ ಆನಿಸಿ, ಗಾಲಿ ತಿರುಗಿಸಿದರೆ ರಿಮ್ಮು ಹೊರಚಾಚಿದ ಕಡೆ ಗೆರೆ ಬೀಳುತ್ತದೆ. ಗೆರೆ ಬಿದ್ದಲ್ಲಿ ಆ ಬದಿಯ ಕಡ್ಡಿಯನ್ನು ಕಾಲು ಸುತ್ತು ಸಡಿಲಿಸಿ, ಎದುರು ಬದಿಯ ಕಡ್ಡಿಯನ್ನು ಕಾಲು ಸುತ್ತು ಬಿಗಿಯಬೇಕು. ಕಾಲು ಸುತ್ತಿಗಿಂತ ಹೆಚ್ಚಿಗೆ ಆಸೆ ಪಡಬಾರದು. ಬರೇ ಬಿಗಿಯುತ್ತಲೇ ಹೋದರೆ ಡೊಂಕು ಹೋದಂತೆ ಕಂಡರೂ ರಿಮ್ಮು ಮೊಟ್ಟೆಯಾಕಾರ ತಾಳುತ್ತದೆ. ಕೈಪಳಗಿದ ಮಿಸ್ತ್ರಿ ಕೊನೆಗೆ ಕಡ್ಡಿಗಳನ್ನು ಬೆರಳಿನಿಂದ ಮೀಟಿ ಕೇಳುತ್ತಾನೆ, ಮಿರಜದ ಕುಶಲಕರ್ಮಿ ತಂಬೂರಿಯ ತಂತಿಗೆ ಕಿವಿಗೊಡುವ ಹಾಗೆ. ಒಂದೇ ಬದಿಯ ಕಡ್ಡಿಗಳೆಲ್ಲ ಹೆಚ್ಚುಕಡಿಮೆ ಒಂದೇ ಸ್ವರ ಹೊರಡಿಸಬೇಕು. ಮಂಕಾಗಿ ಸದ್ದು ಮಾಡುವ ಕಡ್ಡಿ ಸುಮ್ಮನೆ ಜೊತೆಗಿದೆ, ಭಾರ ಹೊರುತ್ತಿಲ್ಲ.

ಈಗ ಜಗಳದ ವಿಷಯ: ಬಣ್ಣ. ಹಳೇ ಸೈಕಲ್ಲು ಸಿಕ್ಕ ಕೂಡಲೆ ಅದನ್ನು ಪೂರ್ತಿ ಕೆರೆದು, ಹೊಳೆಯುವ ಹೊಸ ಕಪ್ಪು ಹೊಡೆಸಿ, ಚಿನ್ನದ ಗೆರೆಗಳ ಬದಲು ಸ್ಟಿಕ್ಕರು ಅಂಟಿಸಿ, ಹೋಟೆಲಿನ ಗೋಡೆಗೆ ತೂಗುಹಾಕುವವರ ಬಗ್ಗೆ ನನಗೆ ಸಹಾನುಭೂತಿ ಕಡಿಮೆ. ಕಾರ್ಖಾನೆಯ ಬಣ್ಣ ಕುಲುಮೆಯಲ್ಲಿ ಸುಟ್ಟು ಗಟ್ಟಿಮಾಡಿದ ಎನಾಮಲ್ಲು. ಅದರ ಮೇಲಿನ ಸಪೂರ ಚಿನ್ನದ ಗೆರೆಗಳನ್ನು ಉದ್ದ ಕೂದಲಿನ ಕುಂಚ ಹಿಡಿದ ಕೆಲಸಗಾರರು ಪಟ್ಟಿಯ ಸಹಾಯವಿಲ್ಲದೆ ಬರೀ ಕೈಯಿಂದ ಎಳೆಯುತ್ತಿದ್ದರು. ಗೆರೆ ಒಂದೆಡೆ ತುಸು ದಪ್ಪ, ಒಂದೆಡೆ ತೆಳು. ಅದು ಆ ಕೈಯ ಗುರುತು, ಕೆರೆದು ಹಾಕಿದರೆ ಯಾವ ದುಡ್ಡಿಗೂ ಮರಳಿ ಬರದು. ನನ್ನ ನಿಯಮ ಇಷ್ಟೇ: ಯಂತ್ರವೆಲ್ಲ ಹೊಸದರಂತೆ ಓಡಬೇಕು, ಮೈ ಮಾತ್ರ ತನ್ನ ವಯಸ್ಸಿನದ್ದೇ ಇರಬೇಕು. ಎನಾಮಲ್ಲಿಗೆ ಸೋಪುನೀರು, ಆಮೇಲೆ ಕಾರಿಗೆ ಹಚ್ಚುವ ಪಾಲಿಶ್, ಕೊನೆಗೆ ಮೇಣ. ಕಾರ್ಖಾನೆಯ ಬಣ್ಣ ಪೂರಾ ಹೋಗಿ ಯಾರೋ ಗೋಡೆಯ ಬಣ್ಣ ಬಳಿದಿದ್ದರೆ ಮಾತ್ರ ಹೊಸದಾಗಿ ಹೊಡೆಸಲು ಅಡ್ಡಿಯಿಲ್ಲ.

ತುಕ್ಕಿಗೆ ಅಡುಗೆಮನೆಯಲ್ಲೇ ಮದ್ದಿದೆ. ತಾಮ್ರದ ತಂಬಿಗೆ ತಿಕ್ಕುವ ಹುಣಸೆಹುಳಿ ಕಬ್ಬಿಣದ ತುಕ್ಕನ್ನೂ ಕರಗಿಸುತ್ತದೆ. ಹುಳಿಯಲ್ಲಿರುವ ಆಮ್ಲಕ್ಕೆ ತುಕ್ಕಿನ ಕಬ್ಬಿಣವನ್ನು ಹಿಡಿದು ನೀರಿಗೆಳೆಯುವ ಗುಣವಿದೆ. ಸಣ್ಣ ಬಿಡಿಭಾಗಗಳನ್ನು ಹುಳಿನೀರಿನಲ್ಲೋ ನಿಂಬೆಉಪ್ಪಿನ ನೀರಿನಲ್ಲೋ ರಾತ್ರಿ ಮುಳುಗಿಸಿಟ್ಟು, ಬೆಳಿಗ್ಗೆ ಸೋಡಾಪುಡಿಯ ನೀರಿನಲ್ಲಿ ತೊಳೆದು, ಆ ಕ್ಷಣವೇ ಒರೆಸಿ ಎಣ್ಣೆ ಹಚ್ಚಬೇಕು. ಮಳೆಗಾಲದ ಗಾಳಿಯಲ್ಲಿ ಅರ್ಧ ತಾಸು ಬಿಟ್ಟರೂ ಹೊಸ ತುಕ್ಕು ಕಿತ್ತಳೆಯಾಗಿ ಮೂಡುತ್ತದೆ. ಹ್ಯಾಂಡಲಿನ ಹೊಳಪಿನ ಬಗ್ಗೆ ಎಚ್ಚರ. ಮೇಲಿನ ಕ್ರೋಮು ಒಂದು ಮೈಕ್ರಾನಿಗಿಂತಲೂ ತೆಳು, ಕಬ್ಬಿಣವನ್ನು ನಿಜವಾಗಿ ಕಾಯುವುದು ಅದರಡಿಯ ನಿಕ್ಕಲ್ಲು. ಮರಳುಕಾಗದ ಹಿಡಿದರೆ ಎರಡೂ ಹೋದವು. ಅಲ್ಯೂಮಿನಿಯಂ ಹಾಳೆಯನ್ನು ಮುದ್ದೆ ಮಾಡಿ ನೀರಿನಲ್ಲಿ ಅದ್ದಿ ತಿಕ್ಕಿದರೆ ಸಾಕು, ಅದು ಕ್ರೋಮಿಗಿಂತ ಮೆದುವಾದ್ದರಿಂದ ಗೀರು ಬೀಳದೆ ತುಕ್ಕು ಬಿಡುತ್ತದೆ. ಪೂರಾ ಹಾಳಾದ ಭಾಗಕ್ಕೆ, ಅಥವಾ ಎಲ್ಲೂ ಸಿಗದ ಅಚ್ಚಿಗೋ ಬುಷ್ಷಿಗೋ, ಬೆಳಗಾವಿಯಂಥ ಊರು ಇನ್ನೊಂದಿಲ್ಲ. ಎರಕದ ಕಾರ್ಖಾನೆ, ಲೇಥುಗಳಿಗೆ ಹೆಸರಾದ ಊರು ಇದು. ಉದ್ಯಮಬಾಗದ ಬದಿಯ ಸಣ್ಣ ಶೆಡ್ಡಿನಲ್ಲಿ ಹಳೆಯ ತುಂಡೊಂದನ್ನು ಮಾದರಿಗಿಟ್ಟರೆ ಸಂಜೆಗೆ ಹೊಸದು ತಯಾರು. ಮೋಟಾರು ಬಿಡಿಭಾಗಗಳ ದೊಡ್ಡ ಆರ್ಡರಿನ ನಡುವೆ ಸೈಕಲ್ಲಿನ ಒಂದು ಕೋನು ಕಡೆದುಕೊಡುವಾಗ ಲೇಥಿನವನ ಮುಖದಲ್ಲಿ ಮೂಡುವ ಹುರುಪನ್ನು ನೋಡಬೇಕು.

ಸೀಟಿನ ವಿಷಯದಲ್ಲಿ ಈ ಜಿಲ್ಲೆಗೆ ಇನ್ನೂ ದೊಡ್ಡ ಭಾಗ್ಯವಿದೆ. ಹಳೆಯ ಸೈಕಲ್ಲಿನ ಸೀಟು ಒಂದೇ ದಪ್ಪ ಚರ್ಮದ ಹಾಳೆ, ಮುಂದೆ ಹಿಂದೆ ರಿವೆಟ್ಟು ಬಡಿದು ಎಳೆದು ಕಟ್ಟಿದ್ದು. 1866ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಚರ್ಮದ ವ್ಯವಹಾರ ಶುರುಮಾಡಿದ ಬ್ರೂಕ್ಸ್ ಕಂಪನಿಯದ್ದು ಅದರಲ್ಲಿ ಪ್ರಸಿದ್ಧ. ಈ ಚರ್ಮ ಗಿಡದ ತೊಗಟೆ, ಕಾಯಿಗಳ ಒಗರಿನಲ್ಲಿ ಹದಮಾಡಿದ್ದಾಗಿರಬೇಕು. ಹಾಗಿದ್ದರೆ ಮಾತ್ರ ನೆನೆಸಿ ಅಚ್ಚಿನ ಮೇಲೆ ಎಳೆದಾಗ ಆ ಆಕಾರ ಉಳಿಯುತ್ತದೆ. ರಾಸಾಯನಿಕದಲ್ಲಿ ಹದಮಾಡಿದ ಮೆತ್ತನೆಯ ಚರ್ಮ ಜೋತುಬೀಳುತ್ತದೆ. ಅಥಣಿ, ನಿಪ್ಪಾಣಿ ಕಡೆಯ ಚಪ್ಪಲಿ ಮಾಡುವವರು ತಲೆಮಾರುಗಳಿಂದ ಬಳಸುತ್ತಿರುವುದು ಇದೇ ಬಗೆಯ, ಜಾಲಿ ತೊಗಟೆ ಅಳಲೆಕಾಯಿಯಲ್ಲಿ ಹದಗೊಂಡ ಚರ್ಮ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಾಗ ಬೆಳಗಾವಿ ಜಿಲ್ಲೆಯೂ ಅದರಲ್ಲಿ ಸೇರಿದ್ದು ಸುಮ್ಮನೆ ಅಲ್ಲ. ಹರಿದ ಸೀಟಿನ ಕಬ್ಬಿಣದ ಚೌಕಟ್ಟನ್ನು ಅಂಥ ಕೈಗೆ ಒಪ್ಪಿಸಿದರೆ ಬ್ರೂಕ್ಸಿಗೆ ಕಡಿಮೆಯಿಲ್ಲದ ಸೀಟು ಆದೀತು. ಹರಿಯದೆ ಬರೀ ಒಣಗಿದ್ದರೆ ಮೇಣ ಬೆರೆಸಿದ ಕೊಬ್ಬನ್ನು ತೆಳುವಾಗಿ ಹಚ್ಚಿದರೆ ಸಾಕು. ಹರಳೆಣ್ಣೆಯಲ್ಲಿ ನೆನೆಸುವ ಪ್ರೀತಿ ಬೇಡ, ಸೀಟು ಜೋಳಿಗೆಯಾಗುತ್ತದೆ.

ಇಷ್ಟಾದ ಮೇಲೆ ರಸ್ತೆ. ಬೆಳಗಾವಿಯಿಂದ ಜಾಂಬೋಟಿಗೆ 30 ಕಿಲೋಮೀಟರಿನ ಆಸುಪಾಸು. ಟಿಳಕವಾಡಿಯ ರೈಲ್ವೆ ಗೇಟು ದಾಟಿ, ಉದ್ಯಮಬಾಗ ಕಳೆದು, ಪೀರನವಾಡಿಯಲ್ಲಿ ಖಾನಾಪುರದ ಹೆದ್ದಾರಿಯನ್ನು ಎಡಕ್ಕೆ ಬಿಟ್ಟು ಬಲಕ್ಕೆ ಹೊರಳಬೇಕು. ಅಲ್ಲಿಂದ ಮುಂದೆ ಭತ್ತದ ಗದ್ದೆ, ಕಿಣಯೆ, ಗೇರುಗಿಡ, ಕೆಂಪು ಜಂಬಿಟ್ಟಿಗೆಯ ದಿಬ್ಬ. ಪ್ರಸ್ಥಭೂಮಿಯ ಪಡುವಣ ಅಂಚಿನ ದಾರಿ ಇದು. ದೊಡ್ಡ ಘಟ್ಟವಿಲ್ಲ, ಆದರೆ ಸಮತಟ್ಟೂ ಅಲ್ಲ; ಏರು, ಇಳಿ, ಮತ್ತೆ ಏರು. 44 ಹಲ್ಲಿನ ಚಕ್ರಕ್ಕೆ ಹಿಂದೆ 18 ಹಲ್ಲಿನ ಫ್ರೀವೀಲ್ ಇದ್ದರೆ ಪೈಡಲಿನ ಒಂದು ಸುತ್ತಿಗೆ ಸೈಕಲ್ಲು ಸುಮಾರು ಐದೂವರೆ ಮೀಟರ್ ಹೋಗುತ್ತದೆ. ಬೆಳಗಾವಿಯ ಬೀದಿಗೆ ಇದು ಸರಿ, ಜಾಂಬೋಟಿಯ ಏರಿಗೆ ಭಾರ. ಹಿಂದೆ 22 ಹಲ್ಲಿನದು ಹಾಕಿಸಿದರೆ ಸುತ್ತಿಗೆ ನಾಲ್ಕೂವರೆ ಮೀಟರಿಗೆ ಇಳಿಯುತ್ತದೆ, ಮೊಣಕಾಲು ಬದುಕುತ್ತದೆ. ಸ್ಟರ್ಮಿ-ಆರ್ಚರ್ ಹಬ್ಬು ಇದ್ದವರಿಗೆ ಈ ಚಿಂತೆಯಿಲ್ಲ. 1936ರಲ್ಲಿ ಬಂದ ಅದರ ಎ.ಡಬ್ಲ್ಯು. ಮಾದರಿಯ ಕೆಳಗಿನ ಗೇರು ನೇರ ಗೇರಿಗಿಂತ ಕಾಲು ಪಾಲು ಹಗುರ, ಮೇಲಿನದು ಮೂರನೇ ಒಂದು ಪಾಲು ಭಾರ. ಅಷ್ಟೂ ಹಲ್ಲುಗಳು ಮುಷ್ಟಿಗಾತ್ರದ ಹಬ್ಬಿನೊಳಗೆ ಎಣ್ಣೆಯಲ್ಲಿ ಅಡಗಿರುತ್ತವೆ, ತುಳಿಯದೆ ಬಿಟ್ಟಾಗ ಟಿಕ್ ಟಿಕ್ ಎನ್ನುತ್ತವೆ.

ಏರಿ ಕೂತಾಗ ಬೆನ್ನು ನೆಟ್ಟಗೆ, ಕಣ್ಣು ಬೇಲಿಗಿಂತ ಮೇಲೆ. ಇಂದಿನ ಸೈಕಲ್ಲುಗಳು ಸವಾರನನ್ನು ಬಗ್ಗಿಸಿ ಮುಂದಿನ ಟಾಯರು ತೋರಿಸುತ್ತವೆ. ರೋಡ್‌ಸ್ಟರು ಗದ್ದೆಯಲ್ಲಿ ಯಾರು ಕೊಯ್ಲು ಮಾಡುತ್ತಿದ್ದಾರೆ, ಯಾರ ಮನೆಯ ಮುಂದೆ ಗೇರುಬೀಜ ಹರವಿದೆ ಎಂಬುದನ್ನೆಲ್ಲ ತೋರಿಸುತ್ತದೆ. ಫ್ರೇಮು ಹಿಂದಕ್ಕೆ ಒರಗಿರುವುದೂ, ಫೋರ್ಕು ಮುಂದಕ್ಕೆ ಬಾಗಿರುವುದೂ ಶೋಕಿಗಲ್ಲ. ಕಲ್ಲುದಾರಿಯ ಪೆಟ್ಟನ್ನು ಆ ಬಾಗು ತಾನು ನುಂಗಿಕೊಂಡು, ಉಳಿದದ್ದನ್ನು ಸೀಟಿನ ಸ್ಪ್ರಿಂಗಿಗೆ ಬಿಡುತ್ತದೆ. ತಿರುವಿನಲ್ಲಿ ಅವಸರ ಮಾಡಿದರೆ ಮಾತ್ರ ಅದಕ್ಕೆ ಇಷ್ಟವಿಲ್ಲ. ನಿಮಿಷಕ್ಕೆ 50 ಸುತ್ತು ತುಳಿಯುತ್ತ, ನಡುವೆ ಚಹಾಕ್ಕೆ ಇಳಿದರೂ ಎರಡೂವರೆ ತಾಸಿಗೆ ಜಾಂಬೋಟಿ ಮುಟ್ಟಬಹುದು. ಜಾಂಬೋಟಿಗೆ ಮೊದಲು ಕುಸಮಳಿಯಲ್ಲಿ ಮಲಪ್ರಭೆ ಅಡ್ಡ ಬರುತ್ತಾಳೆ. ಇಲ್ಲಿ ಇನ್ನೂ ಹುಡುಗಿ, ಕೂಡಲಸಂಗಮಕ್ಕೆ ಬಹಳ ದೂರವಿದೆ. ಊರು ತಲುಪಿ ಹಿರಿಯರಿದ್ದ ಕಟ್ಟೆಯ ಬಳಿ ಸೈಕಲ್ಲು ನಿಲ್ಲಿಸಿದರೆ ಮಾತು ತಾನಾಗಿ ಶುರುವಾಗುತ್ತದೆ, ಅರ್ಧ ಮರಾಠಿ, ಅರ್ಧ ಕನ್ನಡ. ತಾಸಿನ ಲೆಕ್ಕದಲ್ಲಿ ಬಾಡಿಗೆ ಸೈಕಲ್ಲು ತಂದು ಬಾರಿನ ಕೆಳಗೆ ಕಾಲು ತೂರಿಸಿ ಒಳಪೈಡಲ್ ಹೊಡೆದದ್ದು, ನಗರಸಭೆಯ ಲೈಸೆನ್ಸಿನ ಬಿಲ್ಲೆ, ದೀಪವಿಲ್ಲದೆ ಡಬಲ್ ಸೀಟು ಬಂದು ಪೊಲೀಸನನ್ನು ಕಂಡೊಡನೆ ಇಳಿದು ನೂಕಿದ್ದು.

ಜಾಂಬೋಟಿಯಿಂದ ಎರಡು ದಾರಿ. ಎಡಕ್ಕೆ ಹೋದರೆ ಖಾನಾಪುರ, ಅಲ್ಲಿಂದ ಹೆದ್ದಾರಿ ಹಿಡಿದು ಬೆಳಗಾವಿಗೆ ಸುತ್ತು ಮುಗಿಸಬಹುದು. ನೇರ ಹೋದರೆ ಕಾಡು ದಟ್ಟವಾಗುತ್ತದೆ, 2011ರಲ್ಲಿ ಘೋಷಣೆಯಾದ ಭೀಮಗಡ ಅಭಯಾರಣ್ಯ ಈ ಸೀಮೆಯದ್ದೇ. ಕಣಕುಂಬಿಯ ಮಾವುಲಿ ಗುಡಿಯವರೆಗೂ ಹಳೇ ಸೈಕಲ್ಲಿನಲ್ಲಿ ಸುಖವಾಗಿ ಹೋಗಬಹುದು. ಅಲ್ಲಿಂದ ಮುಂದೆ ಚೋರ್ಲಾ ಘಟ್ಟ ಗೋವೆಗೆ ಧುಮುಕುತ್ತದೆ. ಅಲ್ಲಿಗೆ ಹೋಗಬೇಡಿ. ಸರಳಿನ ಬ್ರೇಕು ರಬ್ಬರಿನ ಗುಬ್ಬಿಗಳನ್ನು ರಿಮ್ಮಿನ ಒಳಮೈಗೆ ಮೇಲ್ಮುಖವಾಗಿ ಎಳೆದು ಒತ್ತುತ್ತದೆ. ಇದರಲ್ಲಿ ಒಂದು ಜಾಣ್ಮೆಯಿದೆ, ಗಾಲಿ ತುಸು ಡೊಂಕಿದ್ದರೂ ಬ್ರೇಕು ಸಮನಾಗಿ ಹಿಡಿಯುತ್ತದೆ. ಒಣ ರಸ್ತೆಯ ಸಣ್ಣ ಇಳಿಜಾರಿಗೆ ಅಷ್ಟು ಸಾಕು. ಆದರೆ ನುಣುಪಾದ ಉಕ್ಕಿನ ಮೇಲೆ ನೀರಿನ ಪೊರೆ ಕೂತರೆ ರಬ್ಬರು ಜಾರುತ್ತದೆ, ಹಿಡಿದ ಬ್ರೇಕು ಎಚ್ಚರವಾಗುವ ಹೊತ್ತಿಗೆ ಗಾಲಿ ಹಲವು ಸುತ್ತು ತಿರುಗಿರುತ್ತದೆ. ಘಟ್ಟದ ಉದ್ದದ ಇಳಿಜಾರಿನಲ್ಲಿ ಒಣಗಿದ್ದರೂ ಭರವಸೆಯಿಲ್ಲ.

ಹಳೇ ಸೈಕಲ್ಲಿನ ಈ ಹುಚ್ಚು ನಮ್ಮ ಸೀಮೆಯದ್ದಷ್ಟೇ ಅಲ್ಲ. ಇಟಲಿಯ ತಸ್ಕನಿಯಲ್ಲಿ 1997ರಿಂದ ಎರೋಯಿಕಾ ಎಂಬ ಸವಾರಿ ನಡೆಯುತ್ತದೆ. 1987ಕ್ಕಿಂತ ಮೊದಲಿನ ಮಾದರಿಯ ರೇಸು ಸೈಕಲ್ಲುಗಳಿಗೆ ಮಾತ್ರ ಪ್ರವೇಶ, ಓಡುವುದು ಸುಣ್ಣದ ಬಿಳಿ ಮಣ್ಣುದಾರಿಗಳಲ್ಲಿ. ಜಗತ್ತಿನ ಮೂಲೆಮೂಲೆಯಿಂದ ಜನ ಬರುತ್ತಾರೆ. ಹತ್ತಿರದ ಪುಣೆಯಲ್ಲಿ ವಿಕ್ರಮ್ ಪೆಂಡ್ಸೆ ಅವರ ಸೈಕಲ್ ಸಂಗ್ರಹಾಲಯವಿದೆ. ದೀಪ, ಬೆಲ್ಲು, ಪಂಪುಗಳ ಸಮೇತ ಹಳೆಯ ಸೈಕಲ್ಲುಗಳನ್ನು ಕಣ್ತುಂಬ ನೋಡಬೇಕೆನ್ನುವವರು ಒಮ್ಮೆ ಹೋಗಿಬರಬೇಕು. ನಮ್ಮಲ್ಲಿ ಸರ್ಕಾರ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಕೊಟ್ಟ ಸೈಕಲ್ಲುಗಳು ಈಗಾಗಲೇ ಹಳ್ಳಿಗಳ ಗೋಡೆಗೆ ಒರಗಿ ತುಕ್ಕು ಹಿಡಿಯುತ್ತಿವೆ. ಅವನ್ನೂ ಯಾರಾದರೂ ಹುಡುಕಿಕೊಂಡು ಬರುವ ಕಾಲ ಬಂದೀತು, ಗುಣಮಟ್ಟದ ಬಗ್ಗೆ ನನಗೆ ಅನುಮಾನವಿದ್ದರೂ.

ಮೊದಲ ಜಾಂಬೋಟಿ ಸವಾರಿ ಮುಗಿಸಿ ಬಂದ ಸಂಜೆ ಮಾಡುವ ಕೆಲಸ ಸ್ವಲ್ಪ ಉಳಿದಿರುತ್ತದೆ. ಹೊಸ ಕಾಟರ್ ಪಿನ್ನು ತುಳಿತಕ್ಕೆ ಒಳಗಿಳಿದು ನಟ್ಟು ಸಡಿಲಾಗಿರುತ್ತದೆ. ಪಿನ್ನಿನ ತಲೆಗೆ ಒಂದು ಪೆಟ್ಟು ಕೊಟ್ಟು, ನಟ್ಟನ್ನು ಅರ್ಧ ಸುತ್ತು ಬಿಗಿಯಬೇಕು. ಕಡ್ಡಿಗಳು ಕೂತುಕೊಂಡಿರುತ್ತವೆ, ಸೀಮೆಸುಣ್ಣ ಮತ್ತೊಮ್ಮೆ ಹಿಡಿಯಬೇಕು. ಸೀಟಿನ ಮೂಗಿನಡಿಯ ತಿರುಪು ಮಾತ್ರ ಈಗಲೇ ಮುಟ್ಟಬೇಡಿ. ಹೊಸ ಚರ್ಮ ಕೂತವರ ಆಕಾರ ಕಲಿಯಲು ಇನ್ನೂ ನಾಲ್ಕೈದು ಸಲ ಆ ದಾರಿ ಬೇಕಾಗುತ್ತದೆ.